ಒಂದಕ್ಕೆ ಮೂರು ಭಾಷೆ, ಎರಡಕ್ಕೆ ಸ್ಪ್ಯಾನಿಷ್

ಹೊಸೂರಿನ ಕಡೆಯ ನಮ್ಮೂರ ಹೆಸರು ಕೇಳಿದರೆ ಅತ್ತಿಬೆಲೆ ಆಚೆಯ ನೆಂಟರಿಗೆ ನಗು. ಆಲಸನತ್ತಂ ಅನ್ನುವುದರಲ್ಲಿ ಅವರಿಗೆ ಮೊದಲು ಆಲಸ್ಯ ಕೇಳಿಸುತ್ತದೆ, ಆಮೇಲೆ ನಾತ. ತಮಿಳಿನಲ್ಲಿ ನತ್ತಂ ಅಂದರೆ ಊರೊಳಗೆ ಮನೆಗಳಿರುವ ಜಾಗ, ಕಂದಾಯದ ಕಡತದಲ್ಲಿ ಇವತ್ತಿಗೂ ಗ್ರಾಮ ನತ್ತಂ ಅಂತಲೇ ಬರೆಯುತ್ತಾರೆ, ನಾತಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ ಅಂತ ನಾನು ಪಾಠ ಒಪ್ಪಿಸುತ್ತೇನೆ. “ದಾರೀಲಿ ಬಸ್ಸು ಒಂದು ಕಡೆ ನಿಂತಿತ್ತು, ಇಳಿದು ಹೋಗಿ ಬಂದೆ. ಸಂಬಂಧ ಚೆನ್ನಾಗೇ ಗೊತ್ತಾಯ್ತು ಬಿಡಿ ಭಾವ” ಅನ್ನುತ್ತಾನೆ ಬೆಂಗಳೂರಿನ ಭಾಮೈದ. ಇಳಿದು ಎಲ್ಲಿಗೆ ಹೋಗಿ ಬಂದ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲಿಗೆ ಅಂತ ಹೇಳದೆ ಹೋಗಿ ಬರುವ ಜಾಗ ಕನ್ನಡದಲ್ಲಿ ಒಂದೇ ಒಂದು.

ಈ ವಿಷಯ ನನ್ನ ತಲೆಗೆ ಹತ್ತಿಸಿದವನು ಅಕ್ಕನ ಮಗ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಇಲ್ಲಿ ತಯಾರಾದ ಗಾಡಿಗಳು ಈಗ ಲ್ಯಾಟಿನ್ ಅಮೆರಿಕದ ರಸ್ತೆಗಳಲ್ಲೂ ಓಡುತ್ತವೆ. ಹಾಗಾಗಿ ಅವನನ್ನು ಮೆಕ್ಸಿಕೊಗೆ ಕಳಿಸುವ ಮಾತು ಬಂತು. ತೆಲುಗು, ತಮಿಳು, ಕನ್ನಡ, ಸಾಬರ ಬೀದಿಯ ಉರ್ದು ಎಲ್ಲ ನಾಲಿಗೆ ಮೇಲಿಟ್ಟುಕೊಂಡು ಬೆಳೆದ ಹುಡುಗ, ಐದನೆಯದಕ್ಕೆ ಹೆದರುತ್ತಾನಾ? ಬೆಳಗ್ಗೆ ಎದ್ದವನೇ ಜಗುಲಿ ಮೇಲೆ ಕೂತು ಮೊಬೈಲ್ ನೋಡಿಕೊಂಡು ಜಪ ಶುರು. “ದೋಂದೆ ಎಸ್ತಾ ಎಲ್ ಬಾನ್ಯೊ? ದೋಂದೆ ಎಸ್ತಾ ಎಲ್ ಬಾನ್ಯೊ?”

ನಮ್ಮವ್ವನಿಗೆ ಕಿವಿ ಸ್ವಲ್ಪ ಮಂದ. ಒಳಗಿನಿಂದಲೇ ಕೂಗಿದಳು. “ಬಾನಿ ಎಲ್ಲೈತೆ ಅಂತವ್ನಲ್ಲೋ! ಅಸು ಮಾರಿ ಯಾವ ಕಾಲ ಆಯ್ತು, ಬಾನಿ ಇನ್ನೆಲ್ಲಿಂದ ತರ್ಲಿ?” ಕಲಗಚ್ಚು ಸುರಿಯುತ್ತಿದ್ದ ಮಣ್ಣಿನ ಬಾನಿ ಅವಳ ಕಣ್ಣ ಮುಂದೆ. “ಬಾನಿ ಅಲ್ಲ ಅಜ್ಜಿ, ಬಾನ್ಯೊ. ಟಾಯ್ಲೆಟ್ ಎಲ್ಲಿದೆ ಅಂತ ಕೇಳೋದು” ಅಂದ. “ಈ ಮನೇಲೇ ಉಟ್ಟಿ ಬೆಳೆದೋನಿಗೆ ಅದೂ ಗೊತ್ತಿಲ್ವಾ?” ಅಂತ ಅವ್ವ ನಿಜಕ್ಕೂ ಚಿಂತೆಗೆ ಬಿದ್ದಳು.

ಪರದೇಶಕ್ಕೆ ಹೋಗುವವನು ಮೊದಲು ಕಲಿಯಬೇಕಾದ ಮಾತು ಅದೇ, ನನಗೆ ತಕರಾರಿಲ್ಲ. ಅನ್ನ ಬೇಕು ಅಂತ ಹೊಟ್ಟೆ ತೋರಿಸಿ ಹೇಳಬಹುದು, ನೀರು ಬೇಕು ಅಂತ ಹೆಬ್ಬೆರಳು ಬಾಯಿಗೆತ್ತಿ ಹೇಳಬಹುದು. ಇದನ್ನು ಏನು ತೋರಿಸಿ ಹೇಳೋಣ? “ಒಂದು ಮಾತು ಕಲಿತರೆ ಸಾಕಲ್ಲ, ಅದನ್ನೇನು ದಿನವೆಲ್ಲ ಉರು ಹೊಡೀತೀಯ?” ಅಂದೆ. “ಒಂದೆಲ್ಲಿ ಮಾವ! ಮೆಕ್ಸಿಕೊದಲ್ಲಿ ಬಾನ್ಯೊ. ಸ್ಪೇನಿನಲ್ಲಿ ಹೋಟೆಲು, ನಿಲ್ದಾಣಗಳಲ್ಲಿ ಸೆರ್ವೀಸ್ಯೊ, ಇಲ್ಲಾ ಅಸೇಯೊ. ಹಳಬರ ಬಾಯಲ್ಲಿ ರೆತ್ರೇತೆ. ಕೆಲವು ಕಡೆ ಎಸ್ಕುಸಾದೊ. ಕೂರೋ ಪಿಂಗಾಣಿಗೆ ಇನೊದೋರೊ. ಇದೆಲ್ಲ ಸಾಲದು ಅಂತ ಬಾತೆರ್ ಬೇರೆ.”

ಒಂದೊಂದರ ಅರ್ಥ ಬಿಡಿಸಿ ಹೇಳು ಅಂತ ಕೂರಿಸಿಕೊಂಡೆ. ಬಾನ್ಯೊ ಅಂದರೆ ಸ್ನಾನ. ಅಲ್ಲಿಗೆ ನಮ್ಮ ಬಾತ್‌ರೂಮೇ ಆಯಿತು, ಸ್ನಾನದ ಹೆಸರು ಹೇಳಿ ಬೇರೆ ಕೆಲಸಕ್ಕೆ ಹೋಗುವುದು. ಅಸೇಯೊ ಅಂದರೆ ಶುಚಿ. ಸರಿ, ನಮ್ಮ ಶೌಚಾಲಯದ ಶೌಚವೂ ಅದೇ ಶುಚಿ. ರೆತ್ರೇತೆ ಅಂದರೆ ಜನರಿಂದ ಹಿಂದೆ ಸರಿದ ಜಾಗ. ಎದುರು ಮನೆಯ ತೆಲುಗರು ಮರುಗುದೊಡ್ಡಿ ಅನ್ನುತ್ತಾರಲ್ಲ, ಆ ಮರುಗು ನಮ್ಮ ಮರೆ. ಎಸ್ಕುಸಾದೊ ಅಂದರೂ ಎಲ್ಲರ ಓಡಾಟದಿಂದ ಬೇರೆ ಇಟ್ಟ ಜಾಗ. ಬಾತೆರ್ ಇಂಗ್ಲಿಷಿನ ವಾಟರ್ ಕ್ಲಾಸೆಟ್ಟಿನ ಅರ್ಧ ಮುರಿದ ತುಂಡು, ನಮ್ಮ ಲೆಟ್ರಿನ್ ಇದ್ದ ಹಾಗೆ. ಇನೊದೋರೊ ಅಂದರೇನು ಅಂತ ಕೇಳಿದರೆ, “ವಾಸನೆ ಇಲ್ಲದ್ದು” ಅಂದ! ನಕ್ಕು ಸಾಕಾಯಿತು. ಸ್ಪೇನಿನವರು ಏಳು ಸಮುದ್ರದ ಆಚೆ ಇದ್ದರೂ ನಮ್ಮ ನೆಂಟರೇ ಅಂತ ಅವತ್ತು ಖಾತ್ರಿಯಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳದೆ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಾವೂ ಅವರೂ ಒಂದೇ ಗುರುವಿನ ಶಿಷ್ಯರು.

ಹೊಸೂರಿನ ಕಡೆ ಈ ದೀಪಕ್ಕೆ ಮೂರು ಬತ್ತಿ. ಒಂದಕ್ಕೆ, ಎರಡಕ್ಕೆ ಅನ್ನುವುದರಲ್ಲಿ ಮಾತ್ರ ಪೂರ್ತಿ ಒಗ್ಗಟ್ಟು. ಕನ್ನಡ ಮೀಡಿಯಂ ಹುಡುಗ ಕಿರುಬೆರಳೆತ್ತಿ “ಸಾ, ಒಂದಕ್ಕೆ” ಅಂದರೆ ತಮಿಳು ಹುಡುಗ “ಒಣ್ಣುಕ್ಕು” ಅಂತಾನೆ, ತೆಲುಗು ಹುಡುಗ “ಒಂಟಿಕಿ”. ಕಾವೇರಿ ನೀರಿನ ಲೆಕ್ಕದಲ್ಲಿ ಒಪ್ಪದವರು ಈ ನೀರಿನ ಲೆಕ್ಕದಲ್ಲಿ ಒಪ್ಪಿಬಿಟ್ಟಿದ್ದಾರೆ. ತಮಿಳಿನವರು ಇದಕ್ಕೆ ಇನ್ನೂ ಒಂದು ಲೆಕ್ಕ ಸೇರಿಸಿದ್ದಾರೆ. ಅವರ ಬೋರ್ಡಿನ ಕಳಿಪ್ಪರೈ ಅಂದರೆ ಕಳೆಯುವ ಕೋಣೆ. ಶಾಲೆಯ ಕಳೆಯುವ ಲೆಕ್ಕಕ್ಕೂ ಕಳಿತ್ತಲ್, ಹೊತ್ತು ಕಳೆಯುವುದಕ್ಕೂ ಅದೇ ಧಾತು. ಮೊಬೈಲ್ ಹಿಡಿದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವ ಈಗಿನ ಹುಡುಗರನ್ನು ನೋಡಿದರೆ ತಮಿಳರು ಬಹಳ ದೂರ ಯೋಚಿಸಿ ಹೆಸರಿಟ್ಟಿದ್ದಾರೆ ಅನ್ನಿಸುತ್ತದೆ. ದುಡ್ಡು ಕೊಟ್ಟು ಹೋಗುವ ಕಡೆ ‘ಕಟ್ಟಣ ಕಳಿಪ್ಪಿಡಂ’ ಅಂತ ಇರುತ್ತದೆ. ಭಾಮೈದನಿಗೆ ತಮಿಳು ಅಕ್ಷರ ಬರುವುದಿಲ್ಲ, ನಾನೇ ಓದಿ ಹೇಳಿದೆ. “ಇನ್ನೂ ಕಟ್ಟೋಣ ಅಂತಲೇ ಇದ್ದಾರಾ? ಕಟ್ಟಿ ಮುಗಿಸೋದು ಯಾವಾಗ?” ಅಂದ. ಕಟ್ಟಣ ಅಂದರೆ ಶುಲ್ಕ ಕಣಯ್ಯ, ಮೊದಲು ಚಿಲ್ಲರೆ ತೆಗಿ ಅಂದೆ.

ದೊಡ್ಡಿಯ ಕಥೆ ಇದಕ್ಕಿಂತ ದೊಡ್ಡದು. ಒಮ್ಮೆ ನಾದಿನಿ ಬಂದಿದ್ದಳು. ಎದುರು ಮನೆಯಾಕೆಯನ್ನು ಮಾತಾಡಿಸೋಣ ಅಂತ ಹೋದರೆ ಅವರ ಮಗಳು ಕನ್ನಡದಲ್ಲೇ, “ಅಮ್ಮ ದೊಡ್ಡಿಗೆ ಓಗವ್ರೆ, ಕೂತ್ಕೊಳಿ” ಅಂದಿತು. ಕನ್ನಡದಲ್ಲಿ ದೊಡ್ಡಿ ಅಂದರೆ ದನ ಕೂಡುವ ಜಾಗ ತಾನೇ? ಕೂತು ಕಾಯುವುದೇಕೆ, ಹಸುವನ್ನೂ ನೋಡಿದ ಹಾಗಾಯಿತು ಅಂತ ನಾದಿನಿ ನೇರ ಹಿತ್ತಲಿಗೆ ನಡೆದಳು. ತಗಡಿನ ಬಾಗಿಲಿನ ಮುಂದೆ ನಿಂತು, “ಅಕ್ಕಾ, ಎಷ್ಟು ಲೀಟರ್ ಕೊಡುತ್ತೆ?” ಅಂತ ಕೇಳಿದಳಂತೆ. ಒಳಗಿನಿಂದ ಬಹಳ ಹೊತ್ತು ಉತ್ತರ ಬರಲಿಲ್ಲ.

ಕನ್ನಡವನ್ನೇನೂ ಕಮ್ಮಿ ಅಂದುಕೊಳ್ಳಬೇಡಿ. ನಮ್ಮ ಕಡೆ ಹೊಲದ ಕಡೆ, ಕೆರೆ ಕಡೆ ಹೋಗುವವರಿದ್ದರೆ ಬಿಜಾಪುರದ ಕಡೆ ಚರಗಿ ತೊಗೊಂಡು ಹೋಗುತ್ತಾರೆ. ಅಲ್ಲಿ ಸಂಡಾಸ, ಹಳೇ ಮೈಸೂರಿನಲ್ಲಿ ಪಾಯಿಖಾನೆ. ಹಳಗಾಲದ ಮೇಷ್ಟ್ರುಗಳು ಬಹಿರ್ದೆಸೆಗೆ ಹೋಗುತ್ತಿದ್ದರು. ಎಷ್ಟು ಗಂಭೀರವಾದ ಮಾತು ನೋಡಿ! ಕೇಳಿದವರಿಗೆ ಸನ್ಯಾಸಕ್ಕೆ ಹೊರಟಿದ್ದಾರೆ ಅನ್ನಿಸಬೇಕು. ಪಾಯಿಖಾನೆಯೂ ಏನು ಕಮ್ಮಿ, ಪಾರಸಿಯಲ್ಲಿ ಪಾ ಅಂದರೆ ಕಾಲು, ಖಾನೆ ಅಂದರೆ ಮನೆ. ಕಾಲಿನ ಮನೆ! ಕೆಲಸ ಮಾಡುವ ಅಂಗ ಯಾವುದೋ, ಹೆಸರು ಹೊತ್ತದ್ದು ಯಾವುದೋ. ಇವೆಲ್ಲಕ್ಕಿಂತ ನನಗೆ ಪ್ರೀತಿ ಕಕ್ಕಸಿನ ಮೇಲೆ. ಚಿಕ್ಕಮಕ್ಕಳ ಕಕ್ಕದಿಂದ ಬಂದದ್ದು ಅಂತ ನೀವು ನಗಬಹುದು, ತಮಿಳಿನಲ್ಲಿ ಅದು ಕಕ್ಕೂಸ್, ಸಿಂಹಳದಲ್ಲಿ ಕಕ್ಕುಸ್ಸಿಯ. ಮೂಲ ಡಚ್ಚರ ಕಕ್‌ಹೌಸ್. ಪುಲಿಕಾಟ್, ನಾಗಪಟ್ಟಣ, ಸಿಂಹಳಗಳಲ್ಲಿ ಕೋಟೆ ಕಟ್ಟಿಕೊಂಡು ಮೆಣಸು, ದಾಲ್ಚಿನ್ನಿ, ಬಟ್ಟೆ ವ್ಯಾಪಾರ ಮಾಡಿದ ಡಚ್ಚರು ಕೋಟೆ ಬಿಟ್ಟು ಹೋದರು, ಗೋರಿಗಳನ್ನು ಬಿಟ್ಟು ಹೋದರು, ಇದೊಂದು ಮಾತನ್ನೂ ಬಿಟ್ಟು ಹೋದರು. ಕೋಟೆಗಿಂತ ಗಟ್ಟಿಯಾಗಿ ನಿಂತದ್ದು ಕಕ್ಕಸೇ. ಡಚ್ಚರಿಗೂ ಮಗುವಿನ ಕಕ್ಕವೇ ಮೂಲ ಅನ್ನುವುದು ಬೇರೆ ಮಾತು.

ಒಂದು ಕಾಲಕ್ಕೆ ಕಕ್ಕಸು ಶ್ರೀಮಂತರ ಮನೆಯ ಮಾತು. ಬಯಲಿಗೆ ಹೋಗುವವರ ನಡುವೆ “ನಮ್ಮನೇಲಿ ಕಕ್ಕಸೈತೆ” ಅಂದರೆ ಅದರ ಗತ್ತೇ ಬೇರೆ. ಬರಬರುತ್ತ ಆ ಪದ ಬಾಯಿಗೆ ಹೊಲಸಾಯಿತು, ಲೆಟ್ರಿನ್ ಬಂತು. ಲ್ಯಾಟಿನ್ನಿನಲ್ಲಿ ಅದು ತೊಳೆಯುವ ಜಾಗ ಅಷ್ಟೇ, ಪಾಪ. ನಾಲ್ಕು ದಿನಕ್ಕೆ ಅದೂ ವಾಸನೆ ಹೊಡೆಯಿತು. ಆಮೇಲೆ ಟಾಯ್ಲೆಟ್, ಫ್ರಾನ್ಸಿನ ಹೆಂಗಸರು ಅಲಂಕಾರದ ಮೇಜಿನ ಮೇಲೆ ಹಾಸುತ್ತಿದ್ದ ಬಟ್ಟೆಯ ತುಂಡಿನ ಹೆಸರು. ಅದೂ ಸಾಕಾಗಿ ವಾಶ್‌ರೂಮ್. ಈಗ ಬೆಂಗಳೂರಿನ ಮಾಲುಗಳಲ್ಲಿ ರೆಸ್ಟ್‌ರೂಮ್. ನಮ್ಮನೆಯವಳು ಮೊದಲ ಸಲ ಆ ಬೋರ್ಡು ನೋಡಿ, “ಕಾಲು ನೋಯ್ತಿದೆ, ಸ್ವಲ್ಪ ಹೊತ್ತು ಒಳಗೆ ಕೂತು ಬರೋಣ್ವಾ?” ಅಂದಿದ್ದಳು. ಇಪ್ಪತ್ತು ವರ್ಷಕ್ಕೊಂದು ಹೊಸ ಹೆಸರು. ಹೆಸರು ಹಳಸಿದ್ದೇ ತಡ, ಬಕೆಟ್ ಹಾಗೇ ಇಟ್ಟು ಬೋರ್ಡು ಬದಲಾಯಿಸುತ್ತೇವೆ.

ಹೆಸರು ಬದಲಾಗುವುದು ಹೊಸೂರಿನವರಿಗೆ ಹೊಸದಲ್ಲ. ಅವ್ವ ಮದುವೆಯಾಗಿ ಈ ಮನೆಗೆ ಬಂದಾಗ ಇದು ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಮನೆ ಒಂದಂಗುಲ ಸರಿದಿಲ್ಲ, ಮೂರು ಜಿಲ್ಲೆ ತಿರುಗಿ ಬಂದಿದೆ. ಹಿತ್ತಲ ಮೂಲೆಯಲ್ಲಿದ್ದ ಕಕ್ಕಸು ಮಾತ್ರ ನಿಜವಾಗಿ ಸರಿದದ್ದು, ಅದೂ ಮನೆಯೊಳಕ್ಕೆ. ಅವ್ವನ ಮಂಡಿನೋವಿಗಾಗಿ ಕೋಣೆಗೆ ಸೇರಿಸಿ ಕಟ್ಟಿಸಬೇಕಾಯಿತು. “ಮಲಗೋ ಕೋಣೇಲೇ ಕಕ್ಕಸಾ? ದ್ಯಾವರ ಪಟ ಎಲ್ಲಿಡ್ಲಿ?” ಅಂತ ಅವಳು ಎರಡು ದಿನ ಅನ್ನ ಬಿಟ್ಟಳು. ಮೇಸ್ತ್ರಿ ಬಂದು, “ಇಂಡಿಯನ್ನಾ ಸಾರ್, ವೆಸ್ಟ್ರನ್ನಾ?” ಅಂತ ಕೇಳಿದ. ಈ ದೇಶದಲ್ಲಿ ತಮಿಳ, ತೆಲುಗ, ಕನ್ನಡಿಗ ಅಂತ ನೂರು ಜಗಳ ಆಡುವವರು ಯಾವ ತಕರಾರೂ ಇಲ್ಲದೆ ಇಂಡಿಯನ್ ಅಂತ ಒಪ್ಪಿಕೊಳ್ಳುವುದು ಸ್ಯಾನಿಟರಿ ಅಂಗಡಿಯಲ್ಲಿ ಮಾತ್ರ. ಅವ್ವನ ಮಂಡಿ ನೆನೆದು ವೆಸ್ಟ್ರನ್ ಅಂದೆ. ಅಂಗಡಿಯವನು ಪ್ಯಾರಿವೇರ್ ಕೊಟ್ಟ. ನಮ್ಮ ತಮಿಳುನಾಡಿನದೇ ಸಾರ್, ರಾಣಿಪೇಟೆ ಮಾಲು ಅಂತ ಹೆಮ್ಮೆಯಿಂದ ತಟ್ಟಿ ತೋರಿಸಿದ.

ಇಲ್ಲಿಗೆ ಕಥೆಯಲ್ಲಿ ಸ್ಪೇನ್ ಬಂತು. ಸ್ಪ್ಯಾನಿಷ್ ಜಪದ ಮಧ್ಯೆ ಅಕ್ಕನ ಮಗ ಒಂದು ದಿನ ಕೂಗಿದ. “ಮಾವ, ಅಜ್ಜಿ ಕೂರೋದೇ ಸ್ಪೇನಿನ ಮೇಲೆ!” ಪ್ಯಾರಿವೇರಿನ ಪ್ಯಾರಿ ಅಂದರೆ 1788ರಲ್ಲಿ ಮದ್ರಾಸಿಗೆ ಬಂದು ವ್ಯಾಪಾರ ಶುರು ಮಾಡಿದ ಥಾಮಸ್ ಪ್ಯಾರಿ, ಚೆನ್ನೈನ ಪ್ಯಾರಿಸ್ ಕಾರ್ನರಿನ ಪ್ಯಾರಿ. ಆ ಹೆಸರಿನ ಪಿಂಗಾಣಿ ವ್ಯವಹಾರಕ್ಕೆ ಸ್ಪೇನಿನ ರೋಕಾ ಕಂಪನಿ 2006ರಲ್ಲಿ ಪಾಲುದಾರನಾಗಿ ಬಂದು 2008ರಲ್ಲಿ ಪೂರ್ತಿ ಕೊಂಡುಕೊಂಡಿತು. ಈ ರೋಕಾ 1917ರಲ್ಲಿ ಬಾರ್ಸಿಲೋನಾ ಪಕ್ಕದ ಗವಾ ಅನ್ನುವ ಊರಿನಲ್ಲಿ ಶುರುವಾದದ್ದು, ಮೊದಲು ಮಾಡುತ್ತಿದ್ದದ್ದು ಮನೆ ಬೆಚ್ಚಗಿಡುವ ರೇಡಿಯೇಟರುಗಳನ್ನು. ಸ್ಪ್ಯಾನಿಷಿನಲ್ಲಿ ರೋಕಾ ಅಂದರೆ ಬಂಡೆ. ಸೇಲಂ ಜಿಲ್ಲೆಯ ಸೊಸೆ, ಕೃಷ್ಣಗಿರಿ ಜಿಲ್ಲೆಯಲ್ಲಿ, ವೇಲ್ಸ್ ವ್ಯಾಪಾರಿಯ ಹೆಸರಿನ, ತಮಿಳು ಮಣ್ಣಿನ ಕಾರ್ಖಾನೆಯ, ಸ್ಪೇನಿನವರ ಒಡೆತನದ ಪೀಠದ ಮೇಲೆ ದಿನಾ ಬೆಳಗ್ಗೆ ಕೂತು ಕನ್ನಡದಲ್ಲಿ “ಶಿವಾ” ಅನ್ನುತ್ತಾಳೆ. ಜಾಗತೀಕರಣದ ಬಗ್ಗೆ ಭಾಷಣ ಮಾಡುವವರು ಒಮ್ಮೆ ನಮ್ಮನೆಗೆ ಬಂದು ಹೋಗಬಹುದು.

ಹುಡುಗ ಕೊನೆಗೆ ಮೆಕ್ಸಿಕೊಗೆ ಹೋದ. ಮೊದಲ ವಾರದಲ್ಲೇ ಫೋನು. ಜಪ ಮಾಡಿದ ಮಾತು ಕೈ ಕೊಡಲಿಲ್ಲ, ದೋಂದೆ ಎಸ್ತಾ ಅಂತ ಕೇಳಿದ್ದಕ್ಕೆ ದಾರಿ ತೋರಿಸಿದ್ದಾರೆ. ಹೋದರೆ ಎರಡು ಬಾಗಿಲು, ಒಂದರ ಮೇಲೆ ಎಂ, ಇನ್ನೊಂದರ ಮೇಲೆ ಎಚ್. ಎಂ ಅಂದರೆ ಮೇಲ್ ತಾನೇ ಅಂತ ನುಗ್ಗಿದ್ದಾನೆ. ಒಳಗೆ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಅಜ್ಜಿಯೊಬ್ಬಳು ಕನ್ನಡಿಯಲ್ಲೇ ಇವನನ್ನು ನೋಡಿ ಕೈಚೀಲ ಎತ್ತಿದ್ದಾಳೆ. ಎಂ ಅಂದರೆ ಮುಹೇರೆಸ್, ಹೆಂಗಸರು. ಎಚ್ ಅಂದರೆ ಓಂಬ್ರೆಸ್, ಗಂಡಸರು. ಬರೆಯುವಾಗ ಎಚ್ ಉಂಟು, ಹೇಳುವಾಗ ಇಲ್ಲ. ಹಕಾರ ನುಂಗುವುದರಲ್ಲಿ ಅವರು ನಮ್ಮ ಹೊಸೂರಿನವರೇ, ಹಸು ಅನ್ನಲು ಹೋಗಿ ಅಸು ಅನ್ನುವ ನಮ್ಮವ್ವ ಅಲ್ಲಿದ್ದರೆ ತಪ್ಪು ಮಾಡುತ್ತಿರಲಿಲ್ಲ. “ನೀನು ಇಂಗ್ಲಿಷಿನಲ್ಲಿ ಯೋಚನೆ ಮಾಡಿದ್ದಕ್ಕೆ ಕೆಟ್ಟೆ. ಕನ್ನಡದಲ್ಲಿ ಮಾಡಿದ್ದಿದ್ದರೆ ಮ ಅಂದರೆ ಮಹಿಳೆ ಅಂತ ತಕ್ಷಣ ಹೊಳೀತಿತ್ತು” ಅಂತ ಬೈದೆ. ಮಾರನೆಯ ಬೆಳಗ್ಗೆ ಸ್ನಾನಕ್ಕೆ ಹೋಗಿ, ಸಿ ಅಂತ ಬರೆದಿದ್ದ ನಲ್ಲಿ ತಿರುಗಿಸಿ ಬೆನ್ನು ಸುಟ್ಟುಕೊಂಡನಂತೆ. ಸ್ಪ್ಯಾನಿಷಿನಲ್ಲಿ ಸಿ ಅಂದರೆ ಕಾಲ್ಯೆಂತೆ, ಬಿಸಿ. ತಣ್ಣೀರಿಗೆ ಎಫ್, ಫ್ರೀಯೊ. ಅದು ಪಾಠದಲ್ಲಿ ಇರಲಿಲ್ಲ ಮಾವ ಅಂದ.

ತಮಾಷೆ ಸಾಕು ಅನ್ನಿಸುವುದು ಒಂದು ಕಡೆ ಮಾತ್ರ. ಇಷ್ಟು ಭಾಷೆಗಳಲ್ಲಿ ಇಷ್ಟು ಹೆಸರು ಹುಡುಕಿ ಜಾಗವನ್ನು ಮರೆಗೆ ಸರಿಸಿದ್ದೇವಲ್ಲ, ಅದನ್ನು ತೊಳೆಯುವವರನ್ನೂ ಅದರ ಜೊತೆಗೇ ಮರೆಗೆ ಸರಿಸಿದೆವು. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದಾಗ ಮಲ ಅನ್ನುವುದನ್ನು ಮಲ ಅಂತಲೇ ಹೇಳಿದರು. ದೇಶಕ್ಕೆಲ್ಲ ಕಾನೂನು ಬರಲು 1993 ಆಗಬೇಕಾಯಿತು, ಸಾಲದು ಅಂತ 2013ರಲ್ಲಿ ಇನ್ನೊಂದು. ಆಮೇಲೂ ಗುಂಡಿಗಿಳಿದವರು ಸತ್ತದ್ದು ಪೇಪರಿನಲ್ಲಿ ಬರುತ್ತಲೇ ಇದೆ. ತಮಿಳಿನಲ್ಲಿ ದಿವ್ಯಭಾರತಿ 2017ರಲ್ಲಿ ಅವರ ಬದುಕಿನ ಬಗ್ಗೆ ಸಾಕ್ಷ್ಯಚಿತ್ರ ಮಾಡಿದಾಗ ಇಟ್ಟ ಹೆಸರು ‘ಕಕ್ಕೂಸ್’. ಕಳಿಪ್ಪರೈ ಅಂತ ಇಡಲಿಲ್ಲ, ರೆಸ್ಟ್‌ರೂಮ್ ಅಂತ ಮೊದಲೇ ಇಡಲಿಲ್ಲ. ಆಕೆ ಮಾಡಿದ್ದು ಸರಿ.

2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಬಂತು, ಮನೆಗೊಂದು ಕಟ್ಟಿಸಿಕೊಳ್ಳಲು 12,000 ರೂಪಾಯಿ. ಗಡಿಯ ಈಚೆಗೂ ಆಚೆಗೂ ಕಟ್ಟಿದರು. ಕೆಲವರು ಬಳಸುತ್ತಿದ್ದಾರೆ. ಇನ್ನು ಕೆಲವರು ಅದರಲ್ಲಿ ಸೌದೆ ಒಟ್ಟಿದ್ದಾರೆ, ಮೇಕೆ ಕಟ್ಟಿದ್ದಾರೆ. ಮೇಕೆ ಕಟ್ಟಿದ ಮೇಲೆ ತೆಲುಗಿನಲ್ಲೂ ಕನ್ನಡದಲ್ಲೂ ಅದು ದೊಡ್ಡಿಯೇ ಆಯಿತು, ಭಾಷಾ ಸಮಸ್ಯೆ ತಾನಾಗಿಯೇ ಬಗೆಹರಿಯಿತು. ನೀರಿಲ್ಲದ ಕಡೆ ಮೇಕೆ ಕಟ್ಟದೆ ಇನ್ನೇನು ಮಾಡುತ್ತಾರೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಒಂದಕ್ಕೆ ಹೋದರೂ ಎರಡಕ್ಕೆ ಹೋದರೂ ಬಕೆಟ್ ನೀರು ಸುರಿಯಲೇಬೇಕು, ಅದೆಲ್ಲ ಸೇರಿ 12,000 ಅಂದರೆ ಕಷ್ಟವೇ.

ನಮ್ಮ ಹೊಸೂರಿಗೆ ಬ್ರಿಟಿಷರು ಲಿಟ್ಲ್ ಇಂಗ್ಲೆಂಡ್ ಅಂತ ಹೆಸರಿಟ್ಟಿದ್ದರಂತೆ. ಈಗ ಗುಲಾಬಿಯ ಊರು. ಫೆಬ್ರವರಿ ಬಂತೆಂದರೆ ಇಲ್ಲಿನ ಹಸಿರುಮನೆಗಳ ಗುಲಾಬಿ ವಿಮಾನ ಹತ್ತಿ ಪ್ರೇಮಿಗಳಿಗಾಗಿ ಪರದೇಶಕ್ಕೆ ಹೋಗುತ್ತದೆ. ಪರಿಮಳ ರಫ್ತು ಮಾಡಿ ಉಳಿದದ್ದನ್ನು ನಾವು ಇಟ್ಟುಕೊಳ್ಳುತ್ತೇವೆ ಅಂತ ಭಾಮೈದನ ಇನ್ನೊಂದು ಕುಹಕ. ಅವನ ಬೆಂಗಳೂರಿನಲ್ಲೂ ಕಥೆ ಬೇರೆಯಲ್ಲ. ಗೋಡೆಯ ಮೇಲೆ ದೇವರ ಟೈಲ್ಸ್ ಅಂಟಿಸಿ ಗಂಡಸರನ್ನು ಹೆದರಿಸುವ ಊರಿನವನು ನಮ್ಮನ್ನು ಆಡಿಕೊಳ್ಳುವ ಹಾಗಿಲ್ಲ. ಗಂಡಸರಿಗಾದರೂ ಗೋಡೆ ಇದೆ. ನಮ್ಮನೆಯವಳು ಬಸ್ಸಿನಲ್ಲಿ ಸೇಲಂಗೆ ಹೋಗುವ ದಿನ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಅವಳಿಗೆ ಕಳಿಪ್ಪರೈ, ಮರುಗುದೊಡ್ಡಿ, ಶೌಚಾಲಯ ಮೂರೂ ಓದಲು ಬರುತ್ತದೆ. ಓದಿದ ಮೇಲೂ ಒಳಗೆ ಹೋಗಲು ಧೈರ್ಯ ಬರುವುದಿಲ್ಲ ಅಷ್ಟೇ.

ಆದ್ದರಿಂದ ಬೋರ್ಡು ಬರೆಸುವ ಮಹನೀಯರಲ್ಲಿ ಒಂದು ವಿನಂತಿ. ಹೆಸರು ಈಗ ಸಾಕಷ್ಟಿವೆ, ಹೊಸದು ಹುಡುಕುವ ಶ್ರಮ ಬೇಡ. ಆ ದುಡ್ಡಿನಲ್ಲಿ ಒಳಗಿನಿಂದ ಬೀಳುವ ಒಂದು ಚಿಲಕ, ತಳ ಒಡೆಯದ ಒಂದು ಬಕೆಟ್, ಸಂಜೆ ಆರರ ಮೇಲೂ ಉರಿಯುವ ಒಂದು ಬಲ್ಬು ಹಾಕಿಸಿ. ತೊಳೆಯುವವರಿಗೆ ಕೈಗವಸು ಕೊಟ್ಟು, ತಿಂಗಳ ಸಂಬಳ ತಿಂಗಳಿಗೆ ಕೊಡಿ. ಇಷ್ಟಾದ ಮೇಲೆ ಬಾಗಿಲ ಮೇಲೆ ಸ್ಪ್ಯಾನಿಷಿನಲ್ಲೇ ಬರೆಸಿದರೂ ನಮ್ಮ ಅಭ್ಯಂತರವಿಲ್ಲ, ಓದಿಕೊಳ್ಳುತ್ತೇವೆ.